ಬಸ್ ತಪ್ಪಿಸುವ ವಾಚು

ನಾನು ಮೊದಲ ಸಲ ನಮ್ಮೂರು ಮುಶಿಗೇರಿ ಬಿಟ್ಟದ್ದು ಒಂದು ಮಂಗಳವಾರ. ಪಾಠದ ನಡುವೆ ಮಾಸ್ತರರು ನನ್ನನ್ನು ಎಬ್ಬಿಸಿ, "ಆಫೀಸಿನ ಗಡಿಯಾರದಾಗ ಎಷ್ಟಾಗೇತಿ ನೋಡ್ಕೊಂಡು ಬಾ" ಎಂದು ಕಳಿಸಿದರು. ಹೋಗಿ ನೋಡಿದರೆ ಗಡಿಯಾರ ನಿಂತಿತ್ತು. ನಿಂತ ಗಡಿಯಾರದ ವೇಳೆ ಹೇಳಿದರೂ ಬೈಸಿಕೊಳ್ಳಬೇಕು, ಹೇಳದಿದ್ದರೂ ಬೈಸಿಕೊಳ್ಳಬೇಕು. ಏನು ಮಾಡಲಿ ಎಂದು ಅಂಜುತ್ತ ಗೇಟಿನ ತನಕ ನಡೆದೆ. ಗೇಟಿನ ಹೊರಗೆ ಬಸ್ ನಿಂತಿತ್ತು, ಹತ್ತಿದೆ. ಮಾಸ್ತರರಿಗೆ ನಾನಿನ್ನೂ ವೇಳೆ ಹೇಳಿಲ್ಲ.

ಅಲ್ಲಿಂದ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದೆ, ಲಾರಿಗೆ ಕ್ಲೀನರ್ ಆದೆ, ಗೋವಾದಲ್ಲಿ ಗಾರೆ ಕಲಸಿದೆ, ಕಡೆಗೆ ಮುಂಬೈಯ ಒಂದು ಓಣಿಯಲ್ಲಿ ವಾಚಿನ ಕೆಲಸ ಕಲಿತೆ. ಒಂದು ಊರಲ್ಲಿ ಮನಸ್ಸು ಕೂರುವಷ್ಟರಲ್ಲಿ ಏನಾದರೊಂದು ಆಗುತ್ತದೆ, ನಾನು ಚೀಲ ಕಟ್ಟುತ್ತೇನೆ. ಆದದ್ದನ್ನು ಹೇಳಿದರೆ ಜನ ನಗುತ್ತಾರೆ. ಆಗುವ ಹೊತ್ತಿಗೆ ನನಗೆ ನಗು ಬಂದದ್ದಿಲ್ಲ.

ಈ ಸಲ ಬಂದು ಕೂತದ್ದು ರೋಣದಲ್ಲಿ, ಅಕ್ಕನ ಮನೆಯಲ್ಲಿ. ಭಾವನದು ಹಿಟ್ಟಿನ ಗಿರಣಿ. ವಾಚಿಗೆ ಧೂಳು ಆಗುವುದಿಲ್ಲ ಎಂದು ಕೈಮುಗಿದು ಹೇಳಿದರೂ ಗಿರಣಿಯ ಕಟ್ಟೆಯ ಮೇಲೆಯೇ ನನ್ನ ಗಾಜಿನ ಪೆಟ್ಟಿಗೆ ಇಡಿಸಿದರು. ವಾರದಲ್ಲಿ ಒಂದು ದಿನ ನರಗುಂದ, ಒಂದು ದಿನ ಗಜೇಂದ್ರಗಡ. ನನ್ನ ಕೆಲಸ ಬರೀ ಸೆಲ್ ಬದಲಿಸುವುದಲ್ಲ. ಹಳೇ ಕಾಲದ, ಕೀಲಿ ಕೊಡುವ ವಾಚುಗಳ ನಕಲು ಈಗ ಬರುತ್ತವೆ. ದೂರದಿಂದ ನೋಡಿದರೆ ಥೇಟ್ ಹಳೇದು, ಹತ್ತಿರ ಬಂದರೆ ಮುಳ್ಳು ಗಿಡ್ಡ, ಅಂಕಿ ದಪ್ಪ, ಗಾಜು ಚಪ್ಪಟೆ. ಅಂಥ ನಕಲಿಗೆ ಬೇರೆ ಕಡೆಯಿಂದ ಸರಿಯಾದ ಡಯಲ್, ಮುಳ್ಳು, ಗಾಜು, ಕೀಲಿ ತರಿಸಿ ಹಾಕಿ, ಅಸಲಿಯ ಪಕ್ಕ ಇಟ್ಟರೂ ಗುರುತು ಸಿಗದಂತೆ ಮಾಡಿಕೊಡುತ್ತೇನೆ. ಗಿರಾಕಿಗೆ ಮಾತ್ರ ಇದು ನಕಲು ಅಂತ ಮೊದಲೇ ಹೇಳಿಬಿಡುತ್ತೇನೆ. ಅವರು ಮುಂದೆ ಯಾರಿಗೆ ಏನು ಹೇಳುತ್ತಾರೆ ಅನ್ನುವುದು ನನ್ನ ಕೈಯಲ್ಲಿಲ್ಲ. ಆ ಕೈಯಲ್ಲಿಲ್ಲದ್ದೇ ಈ ಕತೆ.

ಕೊಣ್ಣೂರ ಸೇತುವೆ

ಗಜೇಂದ್ರಗಡದಲ್ಲಿ ಒಬ್ಬ ಅಜ್ಜ. ಮಗ್ಗದ ಮೇಲೆ ಕೂತು ಕೂತು ಬೆನ್ನು ಬಾಗಿದವರು, ಈಗ ಮಗ್ಗ ಬಿಟ್ಟಿದ್ದಾರೆ. ಅವರ ಕೈಯಲ್ಲಿ ಮದುವೆಯಲ್ಲಿ ಮಾವ ಕೊಟ್ಟ ವಾಚು. ನಮ್ಮ ಕಡೆ ಅಳಿಯನಿಗೆ ವಾಚು ಕಟ್ಟದೆ ಮದುವೆ ಮುಗಿದಂತಲ್ಲ. ಈ ಅಜ್ಜ ಓಣಿಗೆಲ್ಲ ಸಾರಿಬಿಟ್ಟಿದ್ದರು: ಮೊಮ್ಮಗಳ, ಅಂದರೆ ಮಗನ ಮಗಳ, ಮದುವೆಯಲ್ಲಿ ತಾವೇ ಅದನ್ನು ಬಿಚ್ಚಿ ನರಗುಂದದ ವರನ ಕೈಗೆ ಕಟ್ಟುತ್ತಾರೆ. ಹಿಂದೊಮ್ಮೆ ಆ ವಾಚನ್ನು ನಾನೇ ಬಿಚ್ಚಿ ಎಣ್ಣೆ ಹಾಕಿದ್ದೆ. ಕೆನೆ ಬಣ್ಣದ ಡಯಲ್, ನೀಲಿ ಮುಳ್ಳು, ಉಬ್ಬು ಗಾಜು. ಗಾಜಿನ ಸುತ್ತ ಸಂದಿಯಲ್ಲಿ ಅರಿಶಿನ ಕುಂಕುಮ. ಪ್ರತಿ ವರ್ಷ ಹಬ್ಬಕ್ಕೆ ಮಗ್ಗದ ಜೊತೆ ವಾಚನ್ನೂ ಪೂಜೆಗಿಟ್ಟದ್ದರ ಗುರುತು.

ಅಜ್ಜನಿಗೆ ಕಣ್ಣಿನ ಆಪರೇಷನ್ ಆಯಿತು. ದವಾಖಾನಿಗೆ ಹೋಗುವಾಗ ವಾಚನ್ನು ಮನೆಯಲ್ಲಿ ಬಿಟ್ಟಿದ್ದರು. ಅವರ ಮಗ ಒಂದು ದಿನ ಕಟ್ಟಿಕೊಂಡರೆ ಏನಾಗುತ್ತದೆ ಎಂದು ಕಟ್ಟಿಕೊಂಡು ಕೊಣ್ಣೂರಿಗೆ ನೆಂಟರ ಮನೆಗೆ ಹೋದರು. ಸೇತುವೆಯ ಮೇಲೆ ಬಸ್ ನಿಂತಾಗ ಇಳಿದು, ಹೊಳಿ ಎಷ್ಟು ಬಂದೇತಿ ನೋಡೋಣ ಅಂತ ಬಗ್ಗಿ ಪಕ್ಕದವನಿಗೆ ಕೈಮಾಡಿ ತೋರಿಸಿದರು. ಹಳೇ ಪಟ್ಟಾ. ತೋರಿಸಿದ ಕೈ ಮೇಲೆ ಬಂತು, ವಾಚು ಮಲಪ್ರಭೆಗೆ ಹೋಯಿತು.

ಮರುದಿನ ಅವರು ನನ್ನ ಪೆಟ್ಟಿಗೆಯ ಮುಂದೆ ನಿಂತಿದ್ದರು. ಮುಖದಲ್ಲಿ ರಕ್ತ ಇರಲಿಲ್ಲ. "ಅಪ್ಪಗ ಗೊತ್ತಾತಂದ್ರ ಮದವಿಗೇ ಬರೂದಿಲ್ಲ ಅಂವ. ಹಠ ಅಂದ್ರ ಹಠ. ವಾಚು ತೊಳಿಯಾಕ ಕೊಟ್ಟೇನಿ ಅಂತ ಹೇಳೇನಿ. ನೀ ಅಂಥದ್ದ ಒಂದು ಮಾಡಬೇಕು."

ಆಗುವುದಿಲ್ಲ ಅನ್ನಬೇಕಿತ್ತು. ಆದರೆ ಅಂಜಿದವರನ್ನು ಕಂಡರೆ ನನಗೆ ನನ್ನದೇ ಜನ ಅನಿಸುತ್ತದೆ. ಒಪ್ಪಿದೆ.

ಪಟ್ಟಾದ ಅಳತೆ ಬೇಕಾಗಿತ್ತು. ದವಾಖಾನಿಗೆ ಹೋದೆವು. ಅಜ್ಜ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಪೊರೆ ಬಂದ ಇನ್ನೊಂದು ಕಣ್ಣು ಮುಚ್ಚಿಕೊಂಡು ಮಲಗಿದ್ದರು, ಸಣ್ಣಗೆ ಗೊರಕೆ ಇತ್ತು. ಮಗ ತಲೆದಿಂಬಿನ ಪಕ್ಕದಲ್ಲೇ ನಿಂತು ಪಿಸುದನಿಯಲ್ಲಿ, ಹೊಳೆಗೆ ಬಿದ್ದ ವಾಚಿನ ಹಿಂದೆ ಏನು ಬರೆದಿತ್ತು, ನಕಲಿನಲ್ಲಿ ಎಲ್ಲೆಲ್ಲಿ ಗೀರು ಬೇಕು ಎಂದು ಒಂದೊಂದಾಗಿ ಹೇಳುತ್ತಿದ್ದರು. ನಾನು ಅಜ್ಜನ ಮಣಿಕಟ್ಟಿಗೆ ದಾರ ಸುತ್ತಿದೆ. ಗೊರಕೆ ನಿಂತಿತು.

"ಯಾರದು?"

ನನ್ನ ಕೈ ಅಲ್ಲೇ ಕಲ್ಲಾಯಿತು. ಮಗ ತಡವರಿಸಿ, "ನರ್ಸಬಾಯಾರ ಅಪ್ಪಾ, ನಾಡಿ ನೋಡಾಕತ್ತಾರ" ಅಂದರು.

ಅಜ್ಜ ಇನ್ನೊಂದು ಕೈಯಿಂದ ನನ್ನ ಬೆರಳು ಸವರಿದರು. ಆಮೇಲೆ ಮೆಲ್ಲಗೆ ಹೇಳಿದರು: "ಬಾಯಾರ, ದಿನಾ ಕೊಬ್ರಿಎಣ್ಣಿ ಹಚ್ಕೊರಿ. ಕೈ ಭಾಳ ಒರಟ ಆಗ್ಯಾವ."

ಬಸಿಯಲ್ಲಿ ಇಟ್ಟ ಮುಳ್ಳು

ಮುಂಬೈಯಿಂದ ನಕಲು ಬಂತು. ಸರಿಯಾದ ಡಯಲ್ ಒಬ್ಬರ ಹತ್ತಿರ, ಮುಳ್ಳು ಇನ್ನೊಬ್ಬರ ಹತ್ತಿರ. ನಮ್ಮ ಕೆಲಸದವರದು ಮೊಬೈಲಿನಲ್ಲಿ ಒಂದು ಗುಂಪಿದೆ. ಅಜ್ಜನ ಸ್ಟುಡಿಯೋ ಫೋಟೋದಲ್ಲಿನ ಕೈಯನ್ನು ದೊಡ್ಡದು ಮಾಡಿ ಅಲ್ಲಿ ಹಾಕಿದರೆ, ಮುಖ ಕಾಣದ ಜನ ನಿಮಿಷದ ಮುಳ್ಳು ಒಂದು ಕೂದಲೆಳೆ ಉದ್ದ ಆಗಬೇಕೋ ಬೇಡವೋ ಎಂದು ಜಗಳಕ್ಕೆ ಬಿದ್ದರು. ಅವರ ಜಗಳ ನೋಡಿಯೇ ನನಗೆ ಜ್ವರ ಬರುವಂತಾಯಿತು.

ಬಂದ ಭಾಗಗಳು ಸರಿಯಾಗಿದ್ದವು, ಆದರೆ ಹೊಸದಾಗಿ ಹೊಳೆಯುತ್ತಿದ್ದವು. ಹೊಳಪು ತೆಗೆಯುವುದಕ್ಕೆ ಡಯಲ್ಲಿಗೆ ಕಡು ಚಹಾದ ನೀರು ಸವರಿ ಕಿಟಕಿಯಲ್ಲಿ ಒಣಗಲು ಇಟ್ಟೆ. ನೀಲಿ ಮುಳ್ಳುಗಳೂ ಸ್ವಲ್ಪ ಮಂಕಾಗಬೇಕಿತ್ತು. ಅವುಗಳನ್ನು ಒಂದು ಬಸಿಯಲ್ಲಿ ಚಹಾ ಹಾಕಿ ನೆನೆಯಲು ಬಿಟ್ಟು, ಕೈ ತೊಳೆಯಲು ಹಿತ್ತಲಿಗೆ ಹೋದೆ.

ರೋಣದಲ್ಲಿ ಬಸಿಯಲ್ಲಿ ಚಹಾ ಇಟ್ಟು ಎದ್ದು ಹೋಗುವವನಿಗೆ ಬುದ್ಧಿ ಇಲ್ಲ. ಬಸಿಯಲ್ಲಿ ಚಹಾ ಇದ್ದರೆ ಅದು ಯಾರಿಗೋ ಆರಿಸಿಟ್ಟದ್ದು ಎಂದೇ ಅರ್ಥ. ಗಿರಣಿಯಿಂದ ಬಂದ ಭಾವ ಸುರ್ರೆಂದು ಒಂದೇ ಗುಟುಕಿಗೆ ಎಳೆದುಬಿಟ್ಟಿದ್ದರು. "ಸಕ್ರಿ ಹಾಕೇ ಇಲ್ಲ" ಎಂದು ಅಕ್ಕನಿಗೆ ಬೈಯುತ್ತಿದ್ದಾಗ ನಾನು ಒಳಗೆ ಬಂದೆ.

ಬಸಿಯ ತಳದಲ್ಲಿ ತಾಸಿನ ಮುಳ್ಳಿತ್ತು, ನಿಮಿಷದ ಮುಳ್ಳಿತ್ತು. ಸೆಕೆಂಡಿನ ಮುಳ್ಳು ಇರಲಿಲ್ಲ.

ಹೇಳದೆ ಇರಲು ಆಗಲಿಲ್ಲ. ಸೂಜಿಯಂಥ ಮುಳ್ಳು, ಕರುಳಿಗೆ ಚುಚ್ಚಿದರೆ ಅಕ್ಕನಿಗೆ ಏನು ಉತ್ತರ ಕೊಡಲಿ. ಹೇಳಿದೆ. ಭಾವ ಕೂತಲ್ಲೇ ಕೂತರು. ಅಕ್ಕ ಅಂಗಡಿಯಿಂದ ಬಾಳೆಹಣ್ಣಿನ ಗೊನೆಯನ್ನೇ ತರಿಸಿದಳು. ಬಾಳೆಹಣ್ಣು ತಿಂದರೆ ಒಳಗೆ ಹೋದದ್ದು ಸುತ್ತಿಕೊಂಡು ಹೊರಗೆ ಬರುತ್ತದೆ ಎಂದು ಓಣಿಯ ಹೆಂಗಸರೂ ಬಂದು ಹೇಳಿದರು. ಭಾವ ಒಂದೊಂದೇ ಹಣ್ಣು ನುಂಗುತ್ತ, ನುಂಗಿದ ಮೇಲೊಮ್ಮೆ ಹೊಟ್ಟೆಗೆ ಕೈಯಿಟ್ಟು ಆಲಿಸುತ್ತ, ನನ್ನ ಕಡೆ ನೋಡುತ್ತ ಇದ್ದರು. ಇನ್ನು ಒಂದು ಹಣ್ಣೂ ಇಳಿಯುವುದಿಲ್ಲ ಅನ್ನುವಾಗ ದವಾಖಾನಿಗೆ ಹೋಗೋಣ ಎಂದು ಎದ್ದರು. ಅಕ್ಕ ಸೆರಗಿನಿಂದ ಅವರ ಮೀಸೆ ಒರೆಸಿದಳು. ಗಿರಣಿಯ ಹಿಟ್ಟು ಮೆತ್ತಿದ ಆ ಮೀಸೆಯಲ್ಲಿ ನೀಲಿ ಮುಳ್ಳು ಆರಾಮಾಗಿ ಅಡ್ಡ ಮಲಗಿತ್ತು.

ನಾನು ಚಿಮಟದಿಂದ ಅದನ್ನು ಮೆಲ್ಲಗೆ ಎತ್ತಿಕೊಂಡೆ. ಭಾವ ನನ್ನನ್ನು ಬೈಯಲಿಲ್ಲ. ಎರಡು ದಿನ ಮನೆಯವರ ಮುಂದೆ ಒಂದೇ ಮಾತು ಹೇಳಿದರು: "ಹಣ್ಣು ತಿನ್ನೂಕಿಂತ ಮೊದಲ ಮಾರಿ ಒರಸಿದ್ರ ನಿಮ್ಮಪ್ಪನ ಗಂಟೇನು ಹೋಗತಿತ್ತು?"

ಭಾಂಡೆ ಚಾಚಾನ ಚಾಳಿ

ಅಸಲಿ ವಾಚಿನ ಬೆನ್ನ ಮೇಲೆ "ಅಳಿಯಂದಿರಿಗೆ ಪ್ರೀತಿಯ ಕಾಣಿಕೆ" ಎಂದು ಚುಕ್ಕೆಚುಕ್ಕೆಯ ಅಕ್ಷರದಲ್ಲಿ ಕೊರೆಸಿದ್ದರು. ಕಂಪ್ಯೂಟರಿನಲ್ಲಿ ಕೊರೆಸಿದರೆ ನಯವಾಗಿ ಬರುತ್ತದೆ, ಆ ಕಾಲದ್ದು ಅನಿಸುವುದಿಲ್ಲ. ಅದಕ್ಕೆ ನರಗುಂದದಲ್ಲಿ ಭಾಂಡೆ ಅಂಗಡಿಯ ಮುಂದೆ ಕೂತು ಕೊಡ, ತಂಬಿಗೆ, ಪರಾತಗಳ ಮೇಲೆ ಹೆಸರು ಕೊರೆಯುವ ಚಾಚಾನೇ ಬೇಕು. ಸುತ್ತಲಿನ ಊರುಗಳಲ್ಲಿ ಮದುವೆಗೆ ಬಂದ ಸ್ಟೀಲ್ ಸಾಮಾನೆಲ್ಲ ಇವರ ಕೈಯಿಂದಲೇ ದಾಟಿದ್ದು.

ಬರೆಯಬೇಕಾದ್ದನ್ನು ಬಾಯಿಂದ ಹೇಳಿದೆ. ಚಾಚಾ ಮಶೀನು ಹಿಡಿದರು. ಟರ್ ಎಂದು ಸದ್ದಾಗುತ್ತಿರುವಾಗ ನಾನು ಪಕ್ಕದಲ್ಲಿ ನಿಂತು ಉಗುರು ಕಚ್ಚುತ್ತಿದ್ದೆ. ಅಕ್ಷರ ಬಂತು, ಚುಕ್ಕೆ ಬಂತು, ಎಲ್ಲ ಥೇಟ್ ಹಳೇದರ ಹಾಗೆ. ಕೈಗೆ ತಗೊಂಡು ನೋಡಿದರೆ ಕೆಳಗೆ ಈ ವರ್ಷದ ಇಸ್ವಿ.

"ಚಾಚಾ, ಇಸ್ವಿ ಯಾಕ ಹಾಕಿದ್ರಿ? ಇದು ಹಳೇದು ಕಾಣಬೇಕಾಗಿತ್ತಲ್ರಿ."

ಚಾಚಾ ಕನ್ನಡಕ ಮೇಲೆ ಸರಿಸಿದರು. ಹೆಸರು ಬರೆದ ಮೇಲೆ ಇಸ್ವಿ ಬರೆಯದೆ ತನ್ನ ಕೈ ನಿಂತದ್ದೇ ಇಲ್ಲ, ಇಸ್ವಿ ಇಲ್ಲದ ಪರಾತ ಅಂದರೆ ಯಾರದೋ ಕದ್ದ ಪರಾತ ಇದ್ದಂತೆ ಎಂದು ಸಮಾಧಾನವಾಗಿ ತಿಳಿಸಿದರು. ನಾನು ಹಣೆ ಹಣೆ ಬಡಕೊಳ್ಳುವುದನ್ನು ಕಂಡು ಅವರಿಗೂ ಪಾಪ ಅನಿಸಿತು. ಇಸ್ವಿಯ ಮೇಲೆ ಒಂದು ಹೂವು ಕೊರೆದು ಮುಚ್ಚಿಬಿಟ್ಟರು. ಚೆಂದದ ಹೂವು, ಎರಡು ಎಲೆ. ಅಸಲಿಯ ಮೇಲೆ ಹೂವು ಇರಲಿಲ್ಲ ಅನ್ನುವುದೊಂದೇ ತೊಂದರೆ.

ನಾನು ಮುಖ ಸಣ್ಣದು ಮಾಡಿಕೊಂಡು ಹೊರಟಾಗ ಚಾಚಾ ಹಿಂದಿನಿಂದ ಕರೆದರು. "ಅಷ್ಟ್ಯಾಕ ಅಂಜತಿ ಬೇಟಾ? ಇಸ್ವಿ ಏನು ತಪ್ಪು ಬರದಿದ್ದಿಲ್ಲ. ಬೇಕಂದ್ರ ಕ್ಯಾಲೆಂಡರ್ ನೋಡು."

ಹೊಸ ಕಣ್ಣು

ಗಾಜಿನ ಸಂದಿಗೆ ಅರಿಶಿನ ಕುಂಕುಮ ತುಂಬಿ, ಮಗ ಹೇಳಿದಲ್ಲೆಲ್ಲ ಗೀರೆಳೆದು, ವಾಚು ಕೊಟ್ಟೆ. ಡಾಕ್ಟರು ಅಜ್ಜನ ಕಪ್ಪು ಕನ್ನಡಕ ತೆಗೆಯಲು ಹೇಳಿದ ದಿನ ಮಗ ನನ್ನನ್ನೂ ಗಜೇಂದ್ರಗಡಕ್ಕೆ ಕರೆಸಿಕೊಂಡರು. ಒಬ್ಬರೇ ಎದುರಿಸುವ ಧೈರ್ಯ ಅವರಿಗೆ ಇರಲಿಲ್ಲ. ಇಬ್ಬರು ಸೇರಿದರೆ ಧೈರ್ಯ ಬರುತ್ತದೆ ಅಂತ ತಿಳಿದಿದ್ದರು. ಅಂಜಿಕೆ ದುಪ್ಪಟ್ಟಾಯಿತು, ಅಷ್ಟೇ.

ಅಜ್ಜ ಕಟ್ಟೆಯ ಮೇಲೆ ಬಿಸಿಲಿಗೆ ಕೂತು ವಾಚು ಕೈಗೆ ತಗೊಂಡರು. ತಿರುಗಿಸಿದರು. ಹತ್ತಿರ ಹಿಡಿದರು, ದೂರ ಹಿಡಿದರು. ಕಿವಿಗೆ ಇಟ್ಟುಕೊಂಡರು. ಮಗ ಕಂಬ ಹಿಡಿದುಕೊಂಡಿದ್ದರು. ನಾನು ಚಪ್ಪಲಿ ಕಾಲಿಗೆ ಹಾಕಿಕೊಂಡೇ ನಿಂತಿದ್ದೆ.

"ಮುಳ್ಳು ನೀಲಿ ಅದಾವ" ಅಂದರು ಅಜ್ಜ. "ಕರಿ ಅನಕೊಂಡಿದ್ದೆ."

ಅಜ್ಜ ವಾಚನ್ನು ಬೋರಲು ಹಾಕಿದರು. ಹೂವಿನ ಮೇಲೆ ಹೆಬ್ಬೆರಳು ಆಡಿಸಿದರು.

"ಇಲ್ಲೊಂದು ಹೂವು ಐತಲ್ಲೋ."

ಮಗ ನನ್ನ ಕಡೆ ನೋಡಿದರು, ನಾನು ಬೀದಿಯ ಕಡೆ ನೋಡಿದೆ.

"ಇಷ್ಟು ವರ್ಷ ಕಟ್ಕೊಂಡು ತಿರಗೇನಿ, ಇದು ನನಗ ಕಂಡೇ ಇಲ್ಲ" ಅಂದರು ಅಜ್ಜ. "ಡಾಕ್ಟರ್ ಭಾರಿ ಶಾಣ್ಯಾ ಅದಾನ ನೋಡು."

ಮಗ ಕಂಬಕ್ಕೆ ಒರಗಿ ಹಾಗೆಯೇ ಕೆಳಗೆ ಕೂತರು. ನನಗೂ ಬದುಕಿದೆ ಅನಿಸಿತು. ಆದರೆ ಅಜ್ಜ ಅಷ್ಟಕ್ಕೆ ಬಿಡಲಿಲ್ಲ. ಓಣಿಯ ಮುದುಕರನ್ನೆಲ್ಲ ಕರೆದು, "ಹೂವು ಕಾಣತೈತೇನು?" ಎಂದು ಕೇಳುತ್ತ ಹೋದರು. ಕಾಣುವುದಿಲ್ಲ ಅಂದವರಿಗೆ ಲಗೂನ ಆಪರೇಷನ್ ಮಾಡಿಸಿಕೋ ಎಂದು ಬುದ್ಧಿ ಹೇಳಿದರು. ಚಾಚಾನ ಕೈಚಾಳಿ ಮುಚ್ಚಲು ಹಾಕಿದ ಹೂವಿನಿಂದ ಆ ಓಣಿಯಲ್ಲಿ ಹಲವರ ಪೊರೆ ಹೋಯಿತು.

ಬಸ್ ಸಿಗುವ ರೋಗ

ಒಂದು ವಾರ ನೆಮ್ಮದಿಯಾಗಿ ಉಂಡೆ. ಆಮೇಲೆ ಒಂದು ಮುಂಜಾನೆ ತಲೆ ಎತ್ತಿದರೆ ಪೆಟ್ಟಿಗೆಯ ಮುಂದೆ ಅಜ್ಜ. ಗಜೇಂದ್ರಗಡ ಬಿಟ್ಟು ರೋಣಕ್ಕೆ, ಅದೂ ಒಬ್ಬರೇ. ಕೈಯಲ್ಲಿನ ಚಿಮಟ ಜಾರಿತು.

"ಏ ತಮ್ಮಾ, ಈ ವಾಚು ಕೆಟ್ಟೈತಿ."

ನೋಡಿದೆ. ವೇಳೆ ಸರಿಯಾಗಿತ್ತು. ಒಳಗಿನ ಮಶೀನು ಹೊಸದು, ಬೇಕೆಂದೇ ಚಲೋದು ಹಾಕಿದ್ದೆ. ವೇಳೆ ಸರಿಯಾಗಿದೆಯಲ್ಲ ಅಂದೆ.

"ಅದಕ್ಕ ಕೆಟ್ಟೈತಿ ಅನ್ನೂದು. ಬಸ್ ಸಿಗಾಕತ್ತೈತಿ" ಅಂದರು ಅಜ್ಜ.

ಅವರು ಬಿಡಿಸಿ ಹೇಳಿದ ಮೇಲೆ ತಿಳಿಯಿತು. ಅವರ ಮಗಳನ್ನು ಕೊಟ್ಟದ್ದು ರೋಣಕ್ಕೆ. ಮಗಳ ಮೇಲೆ ಜೀವ, ಅಳಿಯನನ್ನು ಕಂಡರೆ ತಲೆಶೂಲೆ. ಅಳಿಯ ಮಾತಿಗೆ ಕೂತರೆ ಎದುರಿಗಿದ್ದವರು ಎದ್ದು ಹೋದರೂ ನಿಲ್ಲಿಸುವವನಲ್ಲ. ಅದಕ್ಕೆ ಅಜ್ಜ ಮುಂಜಾನೆ ಎದ್ದು ಮಗಳ ಮನೆಗೆ ಹೊರಟೆ ಎಂದು ಎಲ್ಲರಿಗೂ ಹೇಳಿ, ವಾಚು ನೋಡಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದರು. ಹಳೇ ವಾಚು ಹಿಂದೆ ಬೀಳುತ್ತಿತ್ತು. ಬಸ್ ಹೋಗಿರುತ್ತಿತ್ತು. ಗೆಳೆಯರ ಜೊತೆ ಮಿರ್ಚಿ ತಿಂದು ಚಹಾ ಕುಡಿದು, ಬಸ್ ತಪ್ಪಿತು ಎಂದು ಮನೆಗೆ ಬಂದರೆ ಯಾರೂ ಏನೂ ಅನ್ನುವಂತಿರಲಿಲ್ಲ. ವರ್ಷಗಟ್ಟಲೆ ನಡೆದದ್ದು ಹೀಗೆ. ಈಗ ವಾಚು ತೊಳೆದು ಬಂದ ಮೇಲೆ ಹೋದಾಗಲೆಲ್ಲ ಬಸ್ ನಿಂತೇ ಇರುತ್ತದೆ. ಕಂಡಕ್ಟರ್ ಕೈಹಿಡಿದು ಹತ್ತಿಸಿಕೊಳ್ಳುತ್ತಾನೆ.

"ಈ ವಾರದಾಗ ಮೂರು ಸರ್ತಿ ಅಳಿಯನ ಮನ್ಯಾಗ ಉಂಡೇನಿ" ಅಂದರು. "ಮೊದಲ ಹ್ಯಾಂಗಿತ್ತೋ ಹಂಗ ಮಾಡಿ ಕೊಡು."

ಕೆಲಸ ಕಲಿಸಿದ ಉಸ್ತಾದನನ್ನು ನೆನೆದು ಮನಸ್ಸಿನಲ್ಲೇ ಕ್ಷಮೆ ಕೇಳಿ, ಚಲೋ ನಡೆಯುತ್ತಿದ್ದ ಮಶೀನಿನ ಕಡ್ಡಿಯನ್ನು ನಿಧಾನದ ಕಡೆಗೆ ಸರಿಸಿದೆ. ಎಷ್ಟು ಹಿಂದೆ ಬೀಳಬೇಕು ಎಂದು ಕೇಳಿದೆ. ಅಜ್ಜ ಯೋಚಿಸಿದರು. ಬಸ್ಸು ಕಣ್ಣಿಗೆ ಕಾಣಬೇಕು, ಕೈಗೆ ಸಿಗಬಾರದು, ಅಷ್ಟು ಎಂದರು.

ಎರಡು ದಿನಕ್ಕೆ ಮಗನ ಫೋನು ಬಂತು. ಅಪ್ಪ ಬಸ್‌ಸ್ಟ್ಯಾಂಡಿನಿಂದ ಸಿಳ್ಳೆ ಹಾಕುತ್ತ ಮನೆಗೆ ಬಂದರಂತೆ. "ಏನ ಮಾಡಿದೋ ಮಾರಾಯಾ. ಅಪ್ಪ ನಿನ್ನ ಭಾಳ ಹೊಗಳಾಕತ್ತಾನ. ಬಸ್ ತಪ್ಪಿತಂತ."

ಮದುವೆ

ಮದುವೆಗೆ ನಾನು ಹೋಗಬಾರದಿತ್ತು. ಹೋಗದಿದ್ದರೆ ಅನುಮಾನ ಬಂದೀತು ಎಂದು ಮಗ ಎಳೆದುಕೊಂಡು ಹೋದರು. ಅಕ್ಕಿಕಾಳು ಬಿದ್ದ ಮೇಲೆ ಅಜ್ಜ ಹಂದರದ ನಡುವೆ ನಿಂತು, ಎಲ್ಲರೂ ನೋಡುವಂತೆ ವಾಚು ಬಿಚ್ಚಿ, ವರನ ಕೈಗೆ ಕಟ್ಟಿದರು. ವರ ಓದಿದ ಹುಡುಗ. ಕೂಡಲೇ ಮೊಬೈಲು ತೆಗೆದು ಅಂಥದೇ ವಾಚಿನ ಫೋಟೋ ಹುಡುಕಿ, ಒಂದೊಂದೇ ಭಾಗ ಹೋಲಿಸತೊಡಗಿದ. ನಾನು ಊಟದ ಹಂದರದ ಕಡೆಗೆ ಸರಿದೆ. ಕಾಲು ಸರಿದರೂ ಕಿವಿ ಅಲ್ಲೇ ಇತ್ತು.

"ಡಯಲ್ ಬರೋಬ್ಬರಿ ಐತಿ" ಅಂದ ವರ. "ಮುಳ್ಳೂ ಬರೋಬ್ಬರಿ."

ವರನ ತಂದೆ ಅದನ್ನು ಕೈಗೆ ತಗೊಂಡು ತೂಗಿ ನೋಡಿದರು. "ಹಳೇ ಕಾಲದ ಮಾಲು ಅಂದ್ರ ಇದು. ಈಗಿನವು ಎಲ್ಲಾ ಡೂಪ್ಲಿಕೇಟ" ಎಂದು ಸುತ್ತ ಇದ್ದವರಿಗೆ ಹೇಳಿದರು. ನನ್ನ ಗಂಟಲಲ್ಲಿ ಲಾಡು ಸಿಕ್ಕಿಕೊಂಡಿತು. ಪಕ್ಕದವರು ಬೆನ್ನು ಗುದ್ದಿದರು.

ಗಂಡಾಂತರ ಮುಗಿಯಿತು ಎಂದು ಕೈ ತೊಳೆಯಲು ಹಿಂದಕ್ಕೆ ಹೋದೆ. ನಳದ ಹತ್ತಿರ ಅಜ್ಜ ಒಬ್ಬರೇ ನಿಂತಿದ್ದರು. ನನ್ನ ಬಲಗೈ ಹಿಡಿದು ಅಂಗೈ ಸವರಿ ನೋಡಿದರು.

"ಇನ್ನೂ ಒರಟ ಅದಾವಲ್ರಿ ಬಾಯಾರ."

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಜ್ಜ ನೀರು ಮುಕ್ಕಳಿಸಿ ಉಗುಳಿ, ಬಾಯಿ ಒರೆಸಿಕೊಂಡು ಮೆಲ್ಲಗೆ ಹೇಳಿದರು. "ಪಟ್ಟಿ ಕಟ್ಟಿದ್ದು ಕಣ್ಣಿಗೋ ತಮ್ಮಾ, ಕಿವಿಗಲ್ಲ. ತಲಿ ಹತ್ರ ನಿಂತು ಇಬ್ರೂ ಎಲ್ಲಾ ಮಾತಾಡಿದ್ರಿ. ಕೊಣ್ಣೂರ ಹೊಳಿ, ನಕಲು, ಗೀರು, ಎಲ್ಲಾ."

ನಾನು ಕಾಲು ಹಿಡಿಯಲು ಬಗ್ಗಿದೆ. ಅವರು ತೋಳು ಹಿಡಿದು ಎತ್ತಿದರು. ವಾಚು ಹೋದದ್ದಕ್ಕೆ ದವಾಖಾನಿಯಲ್ಲೇ ಅತ್ತು ಮುಗಿಸಿದ್ದೆ, ಪಟ್ಟಿಯ ಒಳಗೆ ಅತ್ತರೆ ಯಾರಿಗೂ ಕಾಣುವುದಿಲ್ಲ ಎಂದರು. ಆಮೇಲೆ, ಮಾಡುವುದಾದರೆ ಸರಿಯಾಗಿ ಮಾಡಲಿ ಅಂತ ಕಾದರಂತೆ. ಬಸ್ಸಿನದೊಂದು ಕೊರತೆ ಇತ್ತು, ಅದನ್ನೂ ಬಂದು ಹೇಳಿದರಂತೆ.

ಮಗನಿಗೂ ಹೇಳಿಬಿಡೋಣ, ಪಾಪ, ಅವರೂ ಹಗುರಾಗಲಿ ಅಂದೆ.

"ಏ, ಹಂಗ ಮಾಡಬ್ಯಾಡ" ಅಂದರು ಅಜ್ಜ. "ವಾಚು ಹೊಳಿಗಿ ಬಿದ್ದಾಗಿಂದ ಮಗಾ ನಂಗ ದಿನಾ ಹಾಲು ತಂದು ಕೊಡಾಕತ್ತಾನ."

ಪಂಚಮಿ

ಇಲ್ಲಿಗೆ ಮುಗಿದಿದ್ದರೆ ನಾನು ರೋಣದಲ್ಲೇ ಇರುತ್ತಿದ್ದೆ. ಮದುವೆಯಲ್ಲಿ ಅಜ್ಜನ ರೋಣದ ಅಳಿಯ ಸಿಟ್ಟಾಗಿ ಊಟ ಮಾಡದೆ ಎದ್ದು ಬಂದಿದ್ದ. ಹಿರೇ ಅಳಿಯ ತಾನಿರುವಾಗ ನಿನ್ನೆ ಬಂದವನಿಗೆ ವಾಚೇ ಅಂತ. ಮಗಳು ಅಳುವುದನ್ನು ನೋಡಲಾಗದೆ ಅಜ್ಜ ಅಳಿಯನ ಕಿವಿಯಲ್ಲಿ ಒಂದು ಮಾತು ಹೇಳಿಬಿಟ್ಟಿದ್ದರು: ಹಂದರದಲ್ಲಿ ಕಟ್ಟಿದ್ದು ನಕಲು, ಅಸಲಿಯನ್ನು ನಿನಗಾಗಿ ಎತ್ತಿಟ್ಟಿದ್ದೇನೆ.

ಹೇಳಿ ಸೀದಾ ನನ್ನ ಪೆಟ್ಟಿಗೆಗೆ ಬಂದರು. ಇನ್ನೊಂದು ಮಾಡು ಎಂದರು. ಅಂಥದೇ ಅಂದರೆ ಅಂಥದೇ, ಹೂವಿನ ಸಮೇತ. ನಾನು ಬೇಡ ಅಂದೆ, ಕೈಮುಗಿದೆ. ಅಜ್ಜ ಗಿರಣಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಮಧ್ಯಾಹ್ನ ಅಕ್ಕ ಅವರಿಗೂ ರೊಟ್ಟಿ ಕೊಟ್ಟಳು. ಸಂಜೆಗೆ ಒಪ್ಪಿಕೊಂಡೆ.

ಎರಡನೆಯದು ಮೊದಲನೆಯದಕ್ಕಿಂತ ಚೆಂದ ಬಂತು, ನನ್ನ ಕರ್ಮ. ಅಳಿಯ ಅದನ್ನು ಕಟ್ಟಿಕೊಂಡು ರೋಣದ ತುಂಬ ತಿರುಗುತ್ತಿದ್ದಾನೆ. ವರ ನರಗುಂದದಲ್ಲಿ ತಿರುಗುತ್ತಿದ್ದಾನೆ. ವರನಿಗೆ ತನ್ನದು ಅಸಲಿ, ಅಳಿಯನಿಗೆ ತನ್ನದು ಅಸಲಿ. ಮಗನಿಗೆ ಅಪ್ಪನಿಗೇನೂ ಗೊತ್ತಿಲ್ಲ ಎಂಬ ನಂಬಿಕೆ. ಎಲ್ಲ ಗೊತ್ತಿರುವವರು ಅಜ್ಜ ಒಬ್ಬರು, ಅವರು ನಗುತ್ತಾರೆ. ನಾನೊಬ್ಬ, ನನಗೆ ನಿದ್ದೆ ಇಲ್ಲ.

ನಿನ್ನೆ ಅಜ್ಜನ ಮಗ ಫೋನು ಮಾಡಿದರು. ಪಂಚಮಿಗೆ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ, ಗಂಡಂದಿರೂ ಬರುತ್ತಾರೆ, ಎಲ್ಲರೂ ಒಂದೇ ಸಾಲಿಗೆ ಉಂಡಿ ತಿನ್ನಲು ಕೂರುವುದು. ನೀನೂ ಬರಲೇಬೇಕು, ಅಪ್ಪ ನಿನ್ನನ್ನು ಇಬ್ಬರು ಅಳಿಯಂದಿರ ನಡುವೆ ಕೂರಿಸಬೇಕು ಅಂದಿದ್ದಾನೆ ಎಂದರು.

ಇಂದು ಮುಂಜಾನೆಯೇ ಗಾಜಿನ ಪೆಟ್ಟಿಗೆಗೆ ಗೋಣಿತಾಟು ಸುತ್ತಿದೆ. ಚಿಮಟ, ಭೂತಗನ್ನಡಿ, ಎಣ್ಣೆ ಶೀಶೆ ಒಂದು ಡಬ್ಬಿಗೆ ಹಾಕಿದೆ. ಬಟ್ಟೆ ಚೀಲಕ್ಕೆ ಹೋದವು. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಮತ್ತೆ ಎಲ್ಲಿಗೆ ಎಂದು ಕೇಳಲಿಲ್ಲ. ರೊಟ್ಟಿಗೆ ಶೇಂಗಾಚಟ್ನಿ ಹಚ್ಚಿ ಕಟ್ಟಿಕೊಡಲು ಒಳಗೆ ಹೋದಳು.

ಅವಳು ಒಳಗೆ ಹೋಗುವುದನ್ನೇ ಕಾದಿದ್ದವರಂತೆ ಭಾವ ಬಂದರು. ಮೀಸೆ ಒರೆಸಿಕೊಂಡರು. ಗಿರಣಿಯ ಕಡೆ ನೋಡಿದರು, ಅಡುಗೆಮನೆಯ ಕಡೆ ನೋಡಿದರು, ನನ್ನ ಪಕ್ಕ ಕೂತರು.

"ಹೊಂಟಿ ಅಂದಮ್ಯಾಲ ಹೋಗು, ತಡಿಯೂದಿಲ್ಲ" ಅಂದರು. "ಹೋಗೂಕಿಂತ ಮೊದಲ ನಂದೊಂದು ಕೆಲಸ ಮಾಡು. ನನ್ನ ಮದವ್ಯಾಗ ನಿಮ್ಮಪ್ಪ ವಾಚು ಕಟ್ಟತೇನಿ ಅಂದು ಕಟ್ಟಲೇ ಇಲ್ಲ. ಅದನ್ನೊಂದು ಮಾಡಿ ಕೊಡು."

ಕಟ್ಟದೇ ಇದ್ದ ವಾಚಿನ ನಕಲು ಹೇಗೆ ಮಾಡಲಿ ಅಂದೆ.

"ಹಳೇದ ಕಾಣಬೇಕು, ಗೀರ ಇರಬೇಕು, ಹಿಂದ ನಿಮ್ಮಪ್ಪನ ಹೆಸರ ಇರಬೇಕು" ಅಂದರು ಭಾವ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದರು. "ಪಂಚಮಿಗೆ ನಿಮ್ಮಕ್ಕನ್ನ ಕರಿಯಾಕ ನಿಮ್ಮಪ್ಪ ಮುಶಿಗೇರಿಯಿಂದ ಬರತಾನ. ಅದನ್ನ ನೋಡಿ ಅವಗ, ಓಹೋ ನಾನ ಕೊಟ್ಟಿದ್ದೆ ಅಂತ ನೆನಪಾಗಬೇಕು."

ನಾನು ರೊಟ್ಟಿಗೆ ಕಾಯದೆ ಚೀಲ ಹೆಗಲಿಗೆ ಹಾಕಿದೆ.